ಕೊಬ್ಬಿನ ಪಾಠ ಹೇಳಿದ ಮೇಷ್ಟ್ರು

ನಮ್ಮ ಕೆಳಗಿನ ಮನೆಯ ಮೇಷ್ಟ್ರು ನನ್ನ ಮುಖ ನೋಡುವ ಮೊದಲೇ ನನ್ನ ತೂಕ ಹೇಳಿದವರು.

ದೆಹಲಿಯ ಲೋಧಿ ಕಾಲೋನಿಯ ಕ್ವಾರ್ಟರ್ಸಿಗೆ ನಾವು ಬಂದು ನಾಲ್ಕು ದಿನವಾಗಿತ್ತಷ್ಟೆ. ಬೆಳಿಗ್ಗೆ ಹಾಲು ತರಲು ಮೆಟ್ಟಿಲಿಳಿಯುತ್ತಿದ್ದೆ. ಕೆಳಗಿನ ಬಾಗಿಲ ಮುಂದೆ ಒಬ್ಬರು ನನಗೆ ಬೆನ್ನು ಹಾಕಿ ನಿಂತು ಹೂವಿನ ಕುಂಡದ ಮಣ್ಣು ಕೆದಕುತ್ತಿದ್ದರು. ತಿರುಗದೆಯೇ ಕನ್ನಡದಲ್ಲಿ ಅಂದರು:

"ತೊಂಬತ್ತಾರು. ಅಲ್ಲ, ತೊಂಬತ್ತೇಳು."

ನನಗೆ ಅರ್ಥವಾಗಲಿಲ್ಲ. "ಏನು ಸಾರ್?"

"ನಿನ್ನ ತೂಕ. ನಾಲ್ಕು ದಿನದಿಂದ ನನ್ನ ತಲೆ ಮೇಲೆ ನಡೀತಿದೀಯಲ್ಲ, ಕೇಳಿಸ್ಕೊಂಡೆ."

"ತೊಂಬತ್ತೆಂಟು ಸಾರ್."

"ಚಪ್ಪಲಿ ಸೇರಿಸಿ ಹೇಳ್ತಿದೀಯ," ಅಂದು ತಿರುಗಿ ನಕ್ಕರು.

ಅವರು ಹೋಗಿ ಈಗ ಏಳು ತಿಂಗಳು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಹೇಳಬೇಕಾದದ್ದರಲ್ಲಿ ಅರ್ಧ ಅವರದು, ಅರ್ಧ ನನ್ನದು. ನನ್ನ ಅರ್ಧ ಅಷ್ಟು ಚೆನ್ನಾಗಿಲ್ಲ.

ತುಮಕೂರಿನ ಕಡೆಯವರು. ದೆಹಲಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾ ಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿದ್ದರು. ಕ್ವಾರ್ಟರ್ಸು ಅವರ ಹೆಂಡತಿ ಶಾರದಾ ಮೇಡಂ ಹೆಸರಿನಲ್ಲಿತ್ತು. ಅವರು ಒಂದು ಸಚಿವಾಲಯದಲ್ಲಿ ಅಧಿಕಾರಿ, ಇನ್ನೂ ಎರಡು ವರ್ಷ ಸರ್ವಿಸ್ ಇತ್ತು. ಯಾರಾದರೂ ಮೇಷ್ಟ್ರನ್ನು "ಡಾಕ್ಟರ್ ಸಾಬ್" ಅಂದರೆ ರೇಗುತ್ತಿದ್ದರು. "ನಾನು ರೋಗಿಗಳನ್ನ ನೋಡಿದವನಲ್ಲಪ್ಪ. ರೋಗಿಗಳನ್ನ ನೋಡೋರಿಗೆ ಪಾಠ ಹೇಳಿದವನು. ತಪ್ಪು ಮಾಡಿದ್ರೆ ಅವರು ಮಾಡಿರ್ತಾರೆ." ಹಾಗಾಗಿ ಎಲ್ಲರಿಗೂ ಅವರು ಮೇಷ್ಟ್ರೇ.

ಅವರು ಒಂದು ಕಡೆ ಕೂತದ್ದನ್ನು ಆಗ ಕಂಡವರಿಲ್ಲ. ಚಹಾದ ಕಪ್ಪು ಹಿಡಿದು ಅಡುಗೆಮನೆಯಲ್ಲಿ ಶುರು ಮಾಡಿದರೆ ಕೊನೆಯ ಗುಟುಕು ಗೇಟಿನ ಹತ್ತಿರ. ಕಪ್ಪು ಯಾವುದೋ ಕಾರಿನ ಬಾನೆಟ್ಟಿನ ಮೇಲೆ ಉಳಿಯುತ್ತಿತ್ತು. "ಮೂವತ್ತು ವರ್ಷದಿಂದ ಈ ಮನುಷ್ಯನ ಕಪ್ಪು ಹುಡುಕೋದೇ ನನ್ನ ಕೆಲಸ," ಎಂದು ಮೇಡಂ ಗೊಣಗುತ್ತಿದ್ದರು. ಮಾತಾಡುವಾಗ ಬಲಗೈ ತೋರುಬೆರಳು ಗಾಳಿಯಲ್ಲಿ ಸುತ್ತುತ್ತಿತ್ತು, ಅಲ್ಲೊಂದು ಕಪ್ಪುಹಲಗೆ ಇರುವಂತೆ. ಹಾಲಿನ ಬೂತಿನ ಕ್ಯೂನಲ್ಲಿ ಮುಂದೆ ನಿಂತ ಅಪರಿಚಿತನ ಹೊಟ್ಟೆ ತೋರಿಸಿ, ಅವನಿಗೆ ಕನ್ನಡ ಬಾರದು ಎಂಬ ಧೈರ್ಯದ ಮೇಲೆ, "ನೋಡು, ಚರ್ಮದ ಕೆಳಗಿನ ಕೊಬ್ಬು ಹಿಡಿದ್ರೆ ಕೈಗೆ ಸಿಗುತ್ತೆ. ಇವನದು ಸಿಗಲ್ಲ, ಗಟ್ಟಿ. ಒಳಗೆ ಕರುಳಿನ ಸುತ್ತ ಕೂತಿದೆ. ಅದೇ ಕೆಟ್ಟದ್ದು," ಎನ್ನುತ್ತಿದ್ದರು. ಒಂದು ಸಲ ಆತ ತಿರುಗಿ, "ನಾನೂ ಬಳ್ಳಾರಿಯವನೇ ಸಾರ್," ಅಂದುಬಿಟ್ಟ. ಮೇಷ್ಟ್ರು ನಾಚಲಿಲ್ಲ. "ಒಳ್ಳೇದಾಯ್ತು, ಇನ್ನೊಂದ್ಸಲ ಹೇಳೋದು ತಪ್ಪಿತು," ಎಂದರು.

ನನ್ನ ವಿಷಯ ಹೇಳಬೇಕು. ನಾನು ಚಿತ್ರದುರ್ಗದವನು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸಹಾಯಕ. ಹೆಂಡತಿ ಸುಮಾ ಶಾಲೆಯಲ್ಲಿ ಗಣಿತ ಹೇಳುತ್ತಾಳೆ. ಮದುವೆಯಾಗಿ ಐದು ವರ್ಷವಾಗಿತ್ತು, ಮಗುವಾಗಿರಲಿಲ್ಲ. ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, ಸುಮಾಗೆ ಏನೂ ತೊಂದರೆಯಿಲ್ಲವೆಂದೂ, ನನ್ನ ತೂಕ ಇಳಿಯಬೇಕೆಂದೂ, ಟೆಸ್ಟೋಸ್ಟೆರಾನ್ ಸ್ವಲ್ಪ ಕಡಿಮೆಯಿದೆ, ತೂಕ ಇಳಿದರೆ ತಾನೇ ಸರಿಹೋದೀತೆಂದೂ ಹೇಳಿದ್ದರು. "ಸ್ವಲ್ಪ ಕಡಿಮೆ" ಎಂಬ ಎರಡು ಪದ ನನ್ನ ತಲೆಯೊಳಗೆ ಕೂತವು. ಕಚೇರಿಯಲ್ಲಿ ಫೈಲು ಬಿಚ್ಚಿದರೆ ಅವೇ ಕಾಣುತ್ತಿದ್ದವು.

ಮೇಷ್ಟ್ರ ಜೊತೆ ಬೆಳಗಿನ ವಾಕಿಂಗ್ ಶುರು ಮಾಡಿದ್ದು ಆಗ. ಲೋಧಿ ಗಾರ್ಡನ್ನಿನಲ್ಲಿ ಅವರು ಮುಂದೆ, ನಾನು ಏದುಸಿರು ಬಿಡುತ್ತಾ ಎರಡು ಹೆಜ್ಜೆ ಹಿಂದೆ. ನಿವೃತ್ತರಾದ ಮೇಲೆ ಅವರಿಗೆ ವಿದ್ಯಾರ್ಥಿಗಳು ಇರಲಿಲ್ಲ. ನಾನೊಂದು ಪ್ರಶ್ನೆ ಕೇಳಿದರೆ ಮುಖ ಬೆಳಗುತ್ತಿತ್ತು.

"ಕೊಬ್ಬು ಅಂದ್ರೆ ನೀನು ಗೋಡೌನ್ ಅಂದ್ಕೊಂಡಿದೀಯ. ಅಲ್ಲ, ಅದು ಆಫೀಸು. ಒಳಗೆ ಕೆಲಸ ನಡೀತಾನೇ ಇರುತ್ತೆ," ಎಂದು ಶುರು ಮಾಡಿದರು ಒಂದು ದಿನ. "ಗಂಡಸಿನ ಮೈಯಲ್ಲಿ ಆಂಡ್ರೋಜನ್ ಹಾರ್ಮೋನುಗಳು ಇವೆಯಲ್ಲ, ಟೆಸ್ಟೋಸ್ಟೆರಾನ್ ಅದರಲ್ಲಿ ದೊಡ್ಡದು. ಅದು ಕೊಬ್ಬಿನ ಕೋಶಕ್ಕೆ ಹೋಗಿ, ಒಳಗಿಟ್ಟಿದ್ದನ್ನ ಬಿಡು, ಹೊಸದನ್ನ ತುಂಬ್ಕೋಬೇಡ ಅನ್ನುತ್ತೆ. ಮುಂದೆ ಏನಾಗ್ಬೇಕು ಅಂತ ಇನ್ನೂ ತೀರ್ಮಾನ ಆಗದ ಎಳೇ ಕೋಶಗಳಿರ್ತವೆ. ಅವಕ್ಕೆ, ಸ್ನಾಯು ಆಗಿ, ಕೊಬ್ಬು ಆಗ್ಬೇಡಿ ಅನ್ನುತ್ತೆ."

"ಹಾಗಾದ್ರೆ ನನ್ನ ಹೊಟ್ಟೆಗೆ ಯಾಕೆ ಅದು ಏನೂ ಹೇಳ್ತಿಲ್ಲ ಸಾರ್?"

"ಹೊಟ್ಟೆ ಸುಮ್ನಿರಲ್ವಲ್ಲಪ್ಪ! ಕೊಬ್ಬಿನಲ್ಲೇ ಒಂದು ಕಿಣ್ವ ಇದೆ. ಬಂದ ಟೆಸ್ಟೋಸ್ಟೆರಾನನ್ನ ಹಿಡಿದು ಈಸ್ಟ್ರೋಜನ್ ಮಾಡಿ ಕಳಿಸುತ್ತೆ. ಕೊಬ್ಬು ಹೆಚ್ಚಾದಷ್ಟೂ ಹಾರ್ಮೋನು ಕಡಿಮೆ. ಹಾರ್ಮೋನು ಕಡಿಮೆಯಾದಷ್ಟೂ ಕೊಬ್ಬು ಹೆಚ್ಚು. ಹೆಂಗಸರಲ್ಲಿ ನೋಡು, ಇದೇ ಆಂಡ್ರೋಜನ್ ಜಾಸ್ತಿಯಾದ್ರೆ ಹೊಟ್ಟೆ ಕರಗಲ್ಲ, ಬೆಳೆಯುತ್ತೆ. ಒಂದೇ ಹಾರ್ಮೋನು, ಎರಡು ಮೈಯಲ್ಲಿ ಎರಡು ಮಾತು."

"ಹೊರಗಿನಿಂದ ಕೊಟ್ರೆ?"

"ನಿಜವಾಗ್ಲೂ ಕೊರತೆ ಇದ್ದೋನಿಗೆ ಡಾಕ್ಟ್ರು ನೋಡಿಕೊಂಡು ಕೊಟ್ರೆ ಕೊಬ್ಬು ಇಳಿಯುತ್ತೆ, ಸ್ನಾಯು ಬರುತ್ತೆ. ಸುಳ್ಳಲ್ಲ. ಆದರೆ..."

ಆ "ಆದರೆ" ಆದಮೇಲೆ ಅವರು ಗಾರ್ಡನ್ನಿನ ಅರ್ಧ ಸುತ್ತು ಮಾತಾಡಿದರು. ಬೆರಳು ಗಾಳಿಯಲ್ಲಿ ಸುತ್ತಿದ್ದು ನೆನಪಿದೆ, ಅವರ ತುಟಿ ಅಲುಗಿದ್ದು ನೆನಪಿದೆ. ಒಂದು ಅಕ್ಷರವೂ ನೆನಪಿಲ್ಲ. ನನಗೆ ಬೇಕಾದಷ್ಟು ಸಿಕ್ಕಿತ್ತು.

ಲಕ್ಷ್ಮೀ ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ನೆಲಮಾಳಿಗೆಯಲ್ಲಿ ಜಿಮ್ ಇತ್ತು. ಅಷ್ಟು ದೂರ ಹೋದದ್ದು ಅಲ್ಲಿ ನನ್ನನ್ನು ಗುರುತಿಸುವವರಿಲ್ಲ ಎಂದು. ಕಚೇರಿ ಮುಗಿಸಿ ಮೆಟ್ರೋ ಹಿಡಿದು ಹೋಗುತ್ತಿದ್ದೆ. ಸುಮಾಗೆ ಓವರ್‌ಟೈಮ್ ಎಂದು ಹೇಳುತ್ತಿದ್ದೆ. ಅಲ್ಲಿನ ತರಬೇತುದಾರನನ್ನು ಎಲ್ಲರೂ ವಿಕ್ಕಿ ಭಯ್ಯಾ ಎನ್ನುತ್ತಿದ್ದರು. ಎರಡನೇ ವಾರವೇ ಅವನು ನನ್ನ ಹೊಟ್ಟೆ ತಟ್ಟಿ, ಬರೀ ಓಡಿದರೆ ಇದು ಕರಗಲು ಎರಡು ವರ್ಷ, ಇಂಜೆಕ್ಷನ್ ತಗೊಂಡರೆ ಹನ್ನೆರಡು ವಾರ ಎಂದ. "ಟೆನ್ಶನ್ ಮತ್ ಲೋ ಸರ್‌ಜೀ, ಚಿಂತೆ ಬೇಡ, ಎಲ್ಲರೂ ತಗೋತಾರೆ." ಯಾವ ಡಾಕ್ಟರ ಚೀಟಿಯೂ ಇರಲಿಲ್ಲ. ಸೀಸೆಯ ಮೇಲೆ ಟೆಸ್ಟೋಸ್ಟೆರಾನ್ ಎಂದು ಬರೆದಿತ್ತು. ಮೇಷ್ಟ್ರ ಬಾಯಲ್ಲಿ ಕೇಳಿದ ಹೆಸರಲ್ಲವೇ, ಪರಿಚಯದವರನ್ನು ಕಂಡಂತಾಯಿತು.

ಕೆಲಸ ಮಾಡಿತು. ಅದನ್ನು ಮುಚ್ಚಿಡುವುದಿಲ್ಲ. ತೂಕ ಅಷ್ಟೇನೂ ಇಳಿಯಲಿಲ್ಲ, ಆಕಾರ ಬದಲಾಯಿತು. ಬೆಲ್ಟು ಮೂರು ತೂತು ಒಳಗೆ ಹೋಯಿತು. ಭುಜ ಅಂಗಿ ತುಂಬಿತು. ಮೆಟ್ರೋದ ಗಾಜಿನಲ್ಲಿ ನನ್ನನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಆದರೆ ಮೈಯೊಳಗೆ ಯಾರೋ ಓಡಾಡುತ್ತಿದ್ದರು. ಕೂತರೆ ಕಾಲು ಅಲುಗುತ್ತಿತ್ತು. ಮಲಗಿದರೆ ಎದೆ ಡವಗುಟ್ಟುತ್ತಿತ್ತು. ಕಚೇರಿಯಲ್ಲಿ ಜೊತೆಯವನೊಬ್ಬ ಫೈಲು ತಡ ಮಾಡಿದ್ದಕ್ಕೆ ಮೇಜು ಗುದ್ದಿದೆ. ಇ-ರಿಕ್ಷಾದವನೊಬ್ಬ ಅಡ್ಡ ಬಂದದ್ದಕ್ಕೆ ನುಗ್ಗಿ ಹೋಗಿ ಅವನ ಕೀ ಕಿತ್ತುಕೊಂಡೆ. ಒಂದು ಸಂಜೆ ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ದೂಡಿದಾಗ ಸುಮಾ ಗೋಡೆಯ ಕಡೆ ಸರಿದಳು. ಅವಳು ಸರಿದದ್ದನ್ನು ನೋಡಿದೆ, ನೋಡಿಯೂ ಎದ್ದು ಹೋದೆ.

"ಮೊದಲು ದಪ್ಪ ಇದ್ರಿ," ಅಂದಳು ಮಾರನೇ ದಿನ. "ಈಗ ಏನಾಗಿದೀರಿ ಅಂತಾನೇ ಗೊತ್ತಾಗ್ತಿಲ್ಲ."

ಆ ಚಳಿಗಾಲದಲ್ಲಿ ಮೇಷ್ಟ್ರಲ್ಲೂ ಏನೋ ಬದಲಾಗುತ್ತಿತ್ತು. ಡಿಸೆಂಬರಿನಲ್ಲಿ ಎಲ್ಲರೂ ರಜಾಯಿ ಹೊದ್ದಿರುವಾಗ ಅವರ ಮನೆಯ ಕಿಟಕಿ ತೆರೆದಿರುತ್ತಿತ್ತು. ಮಾತಿನ ನಡುವೆ ಥಟ್ಟನೆ ಮುಖ ಕೆಂಪಗಾಗಿ, ಬೆವರಿಳಿದು, ಸ್ವೆಟರ್ ಕಿತ್ತೆಸೆಯುತ್ತಿದ್ದರು. ವಾಕಿಂಗಿನಲ್ಲಿ ನನಗಿಂತ ಹಿಂದೆ ಬೀಳತೊಡಗಿದರು. ನಾನು ಅದನ್ನು ನನ್ನ ಗೆಲುವೆಂದುಕೊಂಡೆ.

ಎಲ್ಲವೂ ಹೊರಬಿದ್ದದ್ದು ಒಂದು ಭಾನುವಾರ. ನಮ್ಮ ಬ್ಲಾಕಿನ ಮುಂದಿನ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವ ವಯಸ್ಸಾದ ಭಯ್ಯಾ ಒಬ್ಬರಿದ್ದಾರೆ. ನನ್ನ ಅಂಗಿಯ ಕಾಲರು ಸುಟ್ಟಿತ್ತು. ಕೇಳಲು ಹೋದವನು ಕೂಗಾಡಿ, ಕೊನೆಗೆ ಅವರ ಕೊರಳಪಟ್ಟಿ ಹಿಡಿದೆ. ಜನ ಬಾಲ್ಕನಿಗೆ ಬಂದರು. ಮೇಷ್ಟ್ರು ನಿಧಾನವಾಗಿ ನಡೆದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ನನ್ನ ಕತ್ತಿನ ಹಿಂದೆ, ಭುಜದ ಮೇಲೆ ಎದ್ದಿದ್ದ ಗುಳ್ಳೆಗಳನ್ನು ನೋಡಿದರು. ಅಂಗಿ ಸ್ವಲ್ಪ ಸರಿಸಿ ಇನ್ನೊಮ್ಮೆ ನೋಡಿದರು.

"ವಾರಕ್ಕೆ ಒಂದಾ, ಎರಡಾ?"

"ಏನು ಸಾರ್?"

"ಇಂಜೆಕ್ಷನ್ನು."

ಸುಳ್ಳು ಹೇಳಲು ಬಾಯಿ ತೆರೆದೆ. ಬಾಯಿಂದ "ಎರಡು" ಎಂದು ಬಂತು.

ನನ್ನ ತೋಳು ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು. "ಮಗು ಬೇಕು ಅಂತಿದ್ರಲ್ಲ ನೀವಿಬ್ರೂ?"

"ಅದಕ್ಕೇ ಸಾರ್. ಕೊಬ್ಬು ಇಳಿದ್ರೆ ಸರಿಹೋಗುತ್ತೆ ಅಂತ ಡಾಕ್ಟ್ರು ಅಂದ್ರಲ್ಲ. ಹಾರ್ಮೋನು ಕೊಬ್ಬು ಇಳಿಸುತ್ತೆ ಅಂತ ನೀವೇ ಹೇಳಿದ್ರಿ."

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆಮೇಲಿಂದು ಹೇಳಿದ್ನಲ್ಲೋ," ಅಂದರು. ದನಿ ಏರಲಿಲ್ಲ. "ಹೊರಗಿನಿಂದ ಹಾರ್ಮೋನು ಬಂತು ಅಂದ್ರೆ ಮೆದುಳು, ಓಹೋ ಸಾಕಷ್ಟಿದೆ ಅಂತ ಕೆಳಗೆ ಆಜ್ಞೆ ಕಳಿಸೋದನ್ನ ನಿಲ್ಲಿಸುತ್ತೆ. ವೃಷಣ ಕೆಲಸ ನಿಲ್ಲಿಸುತ್ತೆ. ರಕ್ತದಲ್ಲಿ ಹಾರ್ಮೋನು ತುಂಬಿರುತ್ತೆ, ಬೀಜ ಮಾತ್ರ ಇರಲ್ಲ. ಅರ್ಧ ಸುತ್ತು ಇದನ್ನೇ ಹೇಳಿದೆ. ನೀನು ಹೂಂ ಹೂಂ ಅಂತಿದ್ದೆ."

ಆಮೇಲೆ, "ನಮಗೆ ಮಕ್ಕಳಾಗ್ಲಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ನಿನಗೆ ಗೊತ್ತಾಗ್ತಿದೆಯಲ್ಲ, ನಿಲ್ಲಿಸು," ಅಂದರು.

ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ವೀರ್ಯಾಣು ಸೊನ್ನೆ ಎಂದಿತ್ತು. ರಕ್ತ ಗಟ್ಟಿಯಾಗಿದೆ, ಬಿಪಿ ಏರಿದೆ ಎಂದು ಡಾಕ್ಟರು ಬೈದು, ಹಾರ್ಮೋನು ತಜ್ಞರ ಬಳಿಗೆ ಕಳಿಸಿದರು. ಸುಮಾಗೆ ನಾನೇ ಹೇಳಬೇಕೆಂದು ಮೇಷ್ಟ್ರು ಪಟ್ಟು ಹಿಡಿದರು. ಹೇಳಿದೆ. ಅವಳು ಅಳಲಿಲ್ಲ. ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಕೇಳಿದಳು:

"ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ ನಿಮಗೆ?"



ತಮ್ಮ ವಿಷಯವನ್ನು ಮೇಷ್ಟ್ರು ಹೇಳಿದ್ದು ಅದಾದ ಎರಡು ವಾರಕ್ಕೆ, ತುಂಬಾ ಸಾಮಾನ್ಯವಾದ ಮಾತಿನಂತೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು; ಮೂಳೆಗೂ ಹರಡಿತ್ತು. ಆ ಕ್ಯಾನ್ಸರು ಬೆಳೆಯುವುದು ಆಂಡ್ರೋಜನ್ನಿನ ಬಲದಿಂದಲೇ. ಹಾಗಾಗಿ ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಅವರ ಮೈಯಲ್ಲಿ ಆ ಹಾರ್ಮೋನು ಹುಟ್ಟದಂತೆ ಮಾಡಿದ್ದರು; ಚಳಿಯಲ್ಲಿ ಇಳಿಯುತ್ತಿದ್ದ ಬೆವರು ಅದರದೇ.

"ನೀನು ಹಾಕಿಸ್ಕೊಂಡೆ, ನಾನು ತೆಗೆಸ್ಕೊಂಡೆ," ಎಂದು ನಕ್ಕರು. "ಮೂವತ್ತೈದು ವರ್ಷ ಪಾಠ ಮಾಡಿದೆ. ಈಗ ಬಾ, ಪ್ರಾಕ್ಟಿಕಲ್ ನೋಡು."

ಅಂಗಿ ಎತ್ತಿ ತೋರಿಸಿದರು. ತೆಳ್ಳಗಿದ್ದವರಿಗೆ ಹೊಟ್ಟೆ ಬಂದಿತ್ತು. ಎದೆ ಮೆತ್ತಗಾಗಿತ್ತು. ತೊಡೆ, ತೋಳು ಮಾತ್ರ ಬತ್ತಿದ್ದವು. ಊಟ ಮೊದಲಿಗಿಂತ ಕಡಿಮೆ ಮಾಡುತ್ತಿದ್ದರು, ಹೊಟ್ಟೆ ಬೆಳೆಯುತ್ತಲೇ ಇತ್ತು. ಮೇಡಂ ಅವರ ಹೊಲಿಗೆ ಡಬ್ಬಿಯ ಟೇಪು ತಂದು ಪ್ರತಿ ಸೋಮವಾರ ತಾವೇ ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. "ಹೇಳಿದ್ದೆಲ್ಲ ಸರಿಯಾಗೇ ಹೇಳಿದೀನಿ ಕಣೇ," ಎಂದು ಅಡುಗೆಮನೆಯ ಕಡೆ ಕೂಗುತ್ತಿದ್ದರು. ಒಳಗೆ ಮೇಡಂ ನಲ್ಲಿ ಜೋರಾಗಿ ತಿರುಗಿಸುತ್ತಿದ್ದರು.

ನಾನೂ ಇಂಜೆಕ್ಷನ್ ನಿಲ್ಲಿಸಿದ್ದೆ. ಹೊರಗಿನದು ನಿಂತಿತ್ತು, ಒಳಗಿನದು ಇನ್ನೂ ಎದ್ದಿರಲಿಲ್ಲ. ಮೈ ಮಣ್ಣಿನ ಮುದ್ದೆಯಂತಾಯಿತು. ಕರಗಿದ ಹೊಟ್ಟೆ ವಾರವಾರಕ್ಕೂ ವಾಪಸು ಬಂತು. ಬೆಳಿಗ್ಗೆ ಹಲ್ಲುಜ್ಜಲೂ ಬೇಸರ. ಆ ತಿಂಗಳುಗಳಲ್ಲಿ ನಾವಿಬ್ಬರೂ ಗಾರ್ಡನ್ನಿನ ಒಂದೇ ಬೆಂಚಿನ ಮೇಲೆ, ಒಂದೇ ಕೊರತೆ ಹೊತ್ತು ಕೂರುತ್ತಿದ್ದೆವು. ಅವರು ಕೂರುವುದನ್ನು ಕಲಿತಿದ್ದರು, ಆದರೆ ಒಗ್ಗಿರಲಿಲ್ಲ. ಕೂತಲ್ಲೇ ಶೂ ತುದಿ ನೆಲ ಕುಟ್ಟುತ್ತಿತ್ತು. "ಏಳು, ಅಲ್ಲೀತನಕ ಹೋಗಿ ಬರೋಣ," ಎನ್ನುವರು. ನಲವತ್ತು ಹೆಜ್ಜೆಗೆ ನಿಲ್ಲುವರು. ನಿಂತು ಸಿಟ್ಟಿನಿಂದ ತಮ್ಮ ತೊಡೆ ನೋಡಿಕೊಳ್ಳುವರು. "ನನ್ನ ಬಗ್ಗೆ ಸಿಟ್ಟು ಬರಲ್ವಾ ಸಾರ್?" ಎಂದು ಒಮ್ಮೆ ಕೇಳಿದೆ. "ಬರುತ್ತೆ," ಎಂದರು. ಅಷ್ಟೇ.

ಮಾರ್ಚಿನ ಒಂದು ಭಾನುವಾರ, ಬಿಸಿಬೇಳೆ ಬಾತ್ ತಿನ್ನಬೇಕೆಂದು ಅವರಿಗೆ ಆಸೆಯಾಯಿತು. ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಅವರ ಕಾರಿನಲ್ಲೇ ಕರೆದೊಯ್ದೆ. ಎರಡು ತುತ್ತು ತಿಂದು ತಟ್ಟೆ ಸರಿಸಿದರು. ವಾಪಸು ಬರುವಾಗ, ಕೆಂಪು ದೀಪದ ಹತ್ತಿರ ಕಾರು ನಿಂತಾಗ, ಮುಂದೆ ನೋಡುತ್ತಲೇ ಕೇಳಿದರು:

"ನಿನ್ನ ಹತ್ರ ಒಂದು ಸೀಸೆ ಉಳಿದಿದೆಯಾ?"

ನನಗೆ ಗೊತ್ತಾಯಿತು. ಆದರೂ, "ಯಾವ ಸೀಸೆ ಸಾರ್?" ಅಂದೆ.

"ಆಟ ಆಡ್ಬೇಡ. ಒಂದು ತಿಂಗಳು ಸಾಕು ನನಗೆ. ಕೊಬ್ಬು ಹೋಗ್ಲಿ ಅಂತಲ್ಲ. ನಡೀಬೇಕು. ಒಂದು ತಿಂಗಳು ನಾನು ನಾನಾಗಿ ನಡೀಬೇಕು. ಆಮೇಲೆ ಏನಾಗುತ್ತೋ ಆಗ್ಲಿ."

"ಅದು ಕ್ಯಾನ್ಸರಿಗೆ ಎಣ್ಣೆ ಸುರಿದ ಹಾಗೆ ಅಂತ ನೀವೇ..."

"ನನಗೇ ಪಾಠ ಹೇಳ್ತೀಯೇನೋ?" ಮೊದಲ ಬಾರಿಗೆ ಅವರು ನನ್ನ ಮೇಲೆ ಕೂಗಿದ್ದು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ದೀಪ ಹಸಿರಾಗಿತ್ತು.

"ಇಲ್ಲ ಸಾರ್. ನನ್ನ ಹತ್ರ ಯಾವುದೂ ಉಳಿದಿಲ್ಲ," ಅಂದೆ.

ಉಳಿದಿತ್ತು. ಅಲಮಾರಿಯಲ್ಲಿ, ಚಳಿಗಾಲದ ಸ್ವೆಟರುಗಳ ಹಿಂದೆ, ಒಂದು ಸೀಸೆ.

ಒಂಬತ್ತು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ಬಾಗಿಲು ತಟ್ಟಿದರೆ ಮೇಡಂ ಬಂದು, "ಬರಲ್ಲ ಅಂತೆ," ಎನ್ನುತ್ತಿದ್ದರು. ಮೇಡಂಗೆ ಹೇಳಬೇಕೋ ಬೇಡವೋ ತಿಳಿಯದೆ ಮೆಟ್ಟಿಲು ಹತ್ತುವುದೂ ಇಳಿಯುವುದೂ ಮಾಡಿದೆ. ಅವರು ಬೇರೆ ಯಾರಿಂದಾದರೂ ತರಿಸಿಕೊಂಡರೆ? ವಿಕ್ಕಿ ಭಯ್ಯಾನ ಜಿಮ್ಮು ಎಲ್ಲಿದೆಯೆಂದು ನಾನೇ ಹೇಳಿದ್ದೆ. ಒಂದು ಸಂಜೆ ಲಕ್ಷ್ಮೀ ನಗರಕ್ಕೆ ಹೋಗಿ, ಅಂಥ ಹಿರಿಯರು ಬಂದರೆ ಕೊಡಬೇಡ ಎಂದು ಬೇಡಿಕೊಂಡೆ. ವಿಕ್ಕಿ ಭಯ್ಯಾ ನಕ್ಕ. "ಆಪ್ ಖುದ್ ಕಬ್ ಆ ರಹೇ ಹೋ?" ನೀವೇ ಯಾವಾಗ ಬರ್ತೀರಿ ಎಂದು ಕೇಳಿದ. ಅವನ ಹಿಂದಿನ ಕನ್ನಡಿಯಲ್ಲಿ ನನ್ನ ಹೊಟ್ಟೆ ಕಾಣಿಸಿತು. ಅಲ್ಲಿಂದ ಓಡಿದಂತೆಯೇ ಹೊರಗೆ ಬಂದೆ.

ಹತ್ತನೆಯ ದಿನ ಮೇಷ್ಟ್ರೇ ಮೆಟ್ಟಿಲು ಹತ್ತಿ ಬಂದರು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತಿದ್ದು ಒಳಗಿನಿಂದಲೇ ಕೇಳಿಸುತ್ತಿತ್ತು. ಸುಮಾ ಬಾಗಿಲು ತೆರೆದು ಕುರ್ಚಿ ಎಳೆದಳು. ಅವರು ಉಸಿರು ಹಿಡಿದುಕೊಂಡು ನಿಂತೇ ಮಾತಾಡಿದರು, ಅವಳ ಎದುರಿಗೇ.

"ಅವತ್ತು ಕಾರಿನಲ್ಲಿ ಒಂದು ಮಾತು ಕೇಳಿದೆ ಇವನನ್ನ. ಕಾಯಿಲೆ ನನ್ನ ಬಾಯಿಂದ ಹಾಗೆ ಕೇಳಿಸ್ತು, ಔಷಧಿ ಕೇಳಿಸ್ತು ಅಂತ ಹೇಳಬಹುದು. ಹಾಗೆ ಹೇಳಲ್ಲ. ನಾನೇ ಕೇಳಿದ್ದು. ತಿಳಿದೂ ಕೇಳಿದ್ದು. ಶಾರದಾಗೂ ಹೇಳಿದೀನಿ." ನನ್ನ ಕಡೆ ತಿರುಗಿದರು. "ನೀನು ಪಾಠ ಅರ್ಧ ಕೇಳಿ ಮಾಡಿದೆ. ನಾನು ಪೂರ್ತಿ ಗೊತ್ತಿದ್ದೂ ಮಾಡೋಕೆ ಹೊರಟಿದ್ದೆ. ಯಾರು ದಡ್ಡ?"

ನನಗೆ ತಡೆಯಲಾಗಲಿಲ್ಲ. "ಸಾರ್, ಒಂದು ಉಳಿದಿತ್ತು. ಸುಳ್ಳು ಹೇಳಿದೆ."

ಸುಮಾ ನನ್ನನ್ನು ನೋಡಿದಳು. ಮೇಷ್ಟ್ರೂ ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ನನ್ನನ್ನ ಉಳಿಸೋಕೆ ಸುಳ್ಳು ಹೇಳಿದ್ಯೋ, ಅಥವಾ ಅದು ನಿನಗೇ ಬೇಕು ಅಂತ ಹೇಳಿದ್ಯೋ?"

"ಗೊತ್ತಿಲ್ಲ ಸಾರ್," ಅಂದೆ.

ಸುಮಾ ಒಳಗೆ ಹೋಗಿ, ಸ್ವೆಟರುಗಳನ್ನೆಲ್ಲ ನೆಲಕ್ಕೆ ಎಳೆದು, ಸೀಸೆ ತಂದಳು. ಯಾರನ್ನೂ ಕೇಳಲಿಲ್ಲ. ಬಚ್ಚಲಿಗೆ ಹೋಗಿ ಒಡೆದಳು. ಗಾಜಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ, ಎರಡು ಬಕೆಟ್ ನೀರು ಸುರಿದು, ಕೈ ಒರೆಸಿಕೊಂಡು ಬಂದು, "ಕಾಫಿ ಕುಡೀತೀರಾ ಸಾರ್?" ಅಂದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಆ ದಿನ ಕಪ್ಪು ಅದೇ ಮೇಜಿನ ಮೇಲೆ ಖಾಲಿಯಾಯಿತು.

ಮಳೆಗಾಲದ ಹೊತ್ತಿಗೆ ಅವರ ಹಳೆಯ ಕಾಲೇಜಿನವರು ಒಂದು ಉಪನ್ಯಾಸಕ್ಕೆ ಕರೆದರು. ನಾನೇ ಕರೆದುಕೊಂಡು ಹೋದೆ. ಕುರ್ಚಿ ಹಾಕಿಸಿಕೊಂಡು, ಮೊದಲ ವರ್ಷದ ಹುಡುಗ ಹುಡುಗಿಯರ ಎದುರು ಅಂಗಿ ಗುಂಡಿ ಬಿಚ್ಚಿ ಹೊಟ್ಟೆ ತೋರಿಸಿದರು. ತರಗತಿ ಮೊದಲು ನಕ್ಕಿತು, ಆಮೇಲೆ ಮುಂದಕ್ಕೆ ಬಾಗಿ ನೋಡಿತು. ಆಂಡ್ರೋಜನ್ ಇಲ್ಲದ ಮೈ ಕೊಬ್ಬನ್ನು ಎಲ್ಲಿಡುತ್ತದೆ, ಸ್ನಾಯುವನ್ನು ಎಲ್ಲಿಂದ ಕದಿಯುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಒಬ್ಬಳು ಕೇಳಿದಳು, ಹಾಗಾದರೆ ಈ ಹಾರ್ಮೋನಿಲ್ಲದೆ ಕೊಬ್ಬು ಇಳಿಸುವುದು ಸಾಧ್ಯವೇ ಇಲ್ಲವೇ ಸಾರ್?

"ಇದೆ. ಕಷ್ಟ, ನಿಧಾನ. ನಾನು ದಿನಾ ನಡೀತೀನಿ, ನಲವತ್ತು ಹೆಜ್ಜೆ, ಆಮೇಲೆ ಇನ್ನು ನಲವತ್ತು. ಕೈಯಲ್ಲಿ ನೀರಿನ ಬಾಟಲಿ ಹಿಡಿದು ಎತ್ತುತ್ತೀನಿ. ನಡೀದೆ ಇದ್ದಿದ್ರೆ ಈ ಹೊಟ್ಟೆ ಇಷ್ಟಕ್ಕೇ ನಿಲ್ತಿರ್ಲಿಲ್ಲ. ಹಾರ್ಮೋನು ಸಹಾಯ ಮಾಡುತ್ತೆ. ನಿಮ್ಮ ಬದಲು ಅದು ನಡೆಯಲ್ಲ."

ಆಮೇಲೆ, ಜಿಮ್ಮುಗಳಲ್ಲಿ ಹೊರಗಿನಿಂದ ತುಂಬಿಕೊಂಡವರ ಕಥೆಗೆ ಬಂದರು. ಹೇಳುತ್ತಾ ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ನೋಡಿದರು. ಎದ್ದು ನಿಂತು, ಅದು ನಾನೇ ಎನ್ನಬಹುದಿತ್ತು. ಆ ಮಕ್ಕಳಲ್ಲಿ ಒಬ್ಬರಿಗಾದರೂ ಉಪಯೋಗವಾಗುತ್ತಿತ್ತು. ನಾನು ತಲೆ ತಗ್ಗಿಸಿ ಮೊಬೈಲ್ ನೋಡಿದೆ. ಅವರು ಒಂದು ಕ್ಷಣ ಕಾದು, "ನನಗೆ ಗೊತ್ತಿರೋ ಒಬ್ಬರು," ಎಂದು ಮುಂದುವರಿಸಿದರು. ವಾಪಸು ಬರುವಾಗ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಔಷಧಿ ಒಂದಷ್ಟು ಕಾಲ ಕ್ಯಾನ್ಸರನ್ನು ತಡೆದಿತ್ತು. ಮರುವರ್ಷದ ಚಳಿಗಾಲಕ್ಕೆ ಅದು ಔಷಧಿಯನ್ನೂ ಮೀರಿತು. ಕೊನೆಗೆ ಹೊಟ್ಟೆಯೂ ಹೋಯಿತು, ಅವರು ಅಷ್ಟು ಸಿಟ್ಟಿನಿಂದ ಅಳೆಯುತ್ತಿದ್ದ ಹೊಟ್ಟೆ. ಹಾಸಿಗೆಯಲ್ಲಿ ಮಲಗಿದಾಗಲೂ ಹೊದಿಕೆಯ ಕೆಳಗೆ ಪಾದಗಳು ಅಲುಗುತ್ತಿದ್ದವು. ನಾನು ಕೊನೆಯ ಸಲ ನೋಡಿದಾಗ, ಮಧ್ಯಾಹ್ನ, "ಟೆಸ್ಟ್ ಯಾವಾಗ?" ಎಂದು ಕೇಳಿದರು. ನನ್ನ ಟೆಸ್ಟಿನ ಬಗ್ಗೆ. ಮುಂದಿನ ವಾರ ಎಂದೆ. "ಹೂಂ," ಎಂದು ಕಣ್ಣು ಮುಚ್ಚಿದರು. ಎರಡು ದಿನಕ್ಕೆ ಹೋದರು.

ಅಷ್ಟು ಹೊತ್ತಿಗೆ ನಾನು ನಿಲ್ಲಿಸಿ ವರ್ಷ ದಾಟಿತ್ತು. ತಜ್ಞರು ಹೇಳಿದಂತೆ ನಡೆದಿದ್ದೆ, ತಿಂದಿದ್ದೆ, ತೂಕ ನಿಧಾನಕ್ಕೆ ಎಂಬತ್ತೊಂಬತ್ತಕ್ಕೆ ಇಳಿದಿತ್ತು. ಹಿಂದಿನ ಎರಡು ಪರೀಕ್ಷೆಗಳೂ ಸೊನ್ನೆ. ಮೂರನೆಯ ವರದಿ ತರಲು ಒಬ್ಬನೇ ಹೋದೆ. ಲ್ಯಾಬಿನ ಹೊರಗೆ, ಸ್ಕೂಟರುಗಳ ಮಧ್ಯೆ ನಿಂತು ಓದಿದೆ. ಸೊನ್ನೆ ಇರಲಿಲ್ಲ. ಇರಬೇಕಾದದ್ದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಇನ್ನೊಮ್ಮೆ ಓದಿದೆ.

ಮನೆಗೆ ಹೇಗೆ ಬಂದೆನೋ. ಮೆಟ್ಟಿಲು ಹತ್ತುವ ಮೊದಲೇ ಕೈ ಕೆಳಗಿನ ಮನೆಯ ಗಂಟೆ ಒತ್ತಿತ್ತು. ಒತ್ತಿದ ಮೇಲೆ ನೆನಪಾಯಿತು. ಶಾರದಾ ಮೇಡಂ ಬಾಗಿಲು ತೆರೆದರು. ನಾನು ಕಾಗದ ಚಾಚಿದೆ. ಕನ್ನಡಕ ಹುಡುಕಿ ತಂದು, ಬೆಳಕಿಗೆ ಹಿಡಿದು, ಒಂದೊಂದೇ ಸಾಲು ಓದಿದರು.

"ಒಂದು ರಿಪೋರ್ಟ್ ನಂಬಬೇಡ, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡಿಸು ಅಂತಿದ್ರು," ಎಂದರು. ಕಣ್ಣೊರೆಸಿಕೊಂಡು ಕಾಗದ ಮಡಚಿದರು. "ಸುಮಾ ಏನಂದಳು?"

"ಇನ್ನೂ ತೋರಿಸಿಲ್ಲ ಮೇಡಂ. ನೇರ ಇಲ್ಲಿಗೇ ಬಂದೆ."

ಮೇಡಂ ಕಾಗದವನ್ನು ನನ್ನ ಕೈಗೆ ತುರುಕಿದರು. ಇಷ್ಟು ದಿನದಲ್ಲಿ ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

"ಇನ್ನೂ ಬುದ್ಧಿ ಬಂದಿಲ್ವಾ ನಿನಗೆ? ಇದು ಅವಳದಲ್ವೇನೋ? ಹೋಗು ಮೇಲೆ."

ಬಾಗಿಲು ಮುಚ್ಚಿಕೊಂಡಿತು. ಮೇಲಿನ ಮನೆಯಲ್ಲಿ ಸುಮಾ ಯಾವುದೋ ಮಗುವಿಗೆ ಫೋನಿನಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ನಾನು ಮೆಟ್ಟಿಲು ಹತ್ತಿದೆ.